ಹೇಸರಗತ್ತೆಯ ಮೇಲಿನ ಥೋರಾ

ಫೆರಿನ್ ಹಾಲ್‌ಸ್ಟ್ರಮ್ ತನ್ನ ಹೆಂಡತಿಗೆ ಹೇಳಿದ ಸುಳ್ಳು ತೀರ ಸಣ್ಣದಾಗಿತ್ತು. ಸಾವಿರದ ಒಂಬೈನೂರ ಐವತ್ತೈದರ ಒಂದು ಶನಿವಾರ, ಲಾಸ್ ವೇಗಸ್ಸಿನ ತಮ್ಮ ಮನೆಯ ಹಿತ್ತಿಲಲ್ಲಿ ಥೋರಾ ಒದ್ದೆ ಬಟ್ಟೆ ಹರವುತ್ತಿದ್ದಳು. ಹಲಗೆ ಕೊಯ್ಯಲು ಇಟ್ಟುಕೊಂಡಿದ್ದ ಮರದ ಸ್ಟ್ಯಾಂಡನ್ನು ಎಳೆದು ತಂದು ಫೆರಿನ್, "ಸ್ವಲ್ಪ ಇದರ ಮೇಲೆ ಕೂತ್ಕೋ, ಒಂದು ಚಿತ್ರ ಬರ್ಕೋಬೇಕು" ಎಂದ.

"ಯಾರಿಗೆ ಚಿತ್ರ?"

"ಹಿಂಡಿ ಬೂಸಾ ಅಂಗಡಿಯೋರಿಗೆ. ಹೇಸರಗತ್ತೆ ಮೇಲೆ ಕೂತಿರೋ ಹುಡುಗಿ ಬೇಕಂತೆ."

"ಹುಡುಗೀನಾ? ಎರಡು ಮಕ್ಕಳ ತಾಯಿ ಕಣೋ ನಾನು."

"ಬೂಸಾ ತಿನ್ನೋ ಹೇಸರಗತ್ತೆಗೆ ಅದೆಲ್ಲ ಎಲ್ಲಿ ಗೊತ್ತಾಗತ್ತೆ?"

ಥೋರಾ ನಕ್ಕಳು. ನಕ್ಕರೆ ಬಾಯಿ ತುಂಬ ನಗುವ ಹೆಂಗಸು ಅವಳು. ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿತ್ತು. ಅದನ್ನು ಮುಚ್ಚಿಕೊಳ್ಳಬೇಕೆಂದು ಅವಳಿಗೆ ಒಂದು ದಿನವೂ ಅನ್ನಿಸಿರಲಿಲ್ಲ. ಗಂಡನ ಹುಲ್ಲಿನ ಟೋಪಿ ಇಟ್ಟುಕೊಂಡು ಸ್ಟ್ಯಾಂಡಿನ ಮೇಲೆ ಕೂತಳು. ಸುಮ್ಮನೆ ಕೂರುವ ಜಾಯಮಾನದವಳಲ್ಲವಾದ್ದರಿಂದ, ಟೋಪಿಯನ್ನು ತೆಗೆದು ತಲೆಯ ಮೇಲೆ ಬೀಸಿ, ಒಂದು ಕಾಲನ್ನು ಮುಂದಕ್ಕೆ ಝಾಡಿಸಿ, "ಹೋಯ್! ಹೋಯ್!" ಎಂದು ಇಲ್ಲದ ಹೇಸರಗತ್ತೆಯನ್ನು ಓಡಿಸಿದಳು. ಪಕ್ಕದ ಮನೆಯ ನಾಯಿ ಬೊಗಳಿತು. ಫೆರಿನ್ ಪೆನ್ಸಿಲು ಓಡುವಷ್ಟು ವೇಗವಾಗಿ ಬರೆದುಕೊಂಡ.

ಅಂಗಡಿ ಬೂಸಾದ್ದಾಗಿರಲಿಲ್ಲ. ಫ್ರೀಮಾಂಟ್ ಬೀದಿಯಲ್ಲಿ ಗಸ್ ಕರಾಸ್ ಎಂಬ ಗ್ರೀಕನೊಬ್ಬ 'ಪೇಂಟೆಡ್ ಮ್ಯೂಲ್', ಅಂದರೆ ಬಣ್ಣದ ಹೇಸರಗತ್ತೆ, ಎಂಬ ಹೊಸ ಕ್ಯಾಸಿನೊ ತೆರೆಯುವುದರಲ್ಲಿದ್ದ. ಅದರ ನೆತ್ತಿಗೆ, ಊರಾಚೆಯ ಮರುಭೂಮಿಯ ರಸ್ತೆಯಿಂದಲೇ ಕಾಣುವಂಥ ದೀಪದ ಫಲಕ ಬೇಕಾಗಿತ್ತು.

ಫೆರಿನ್ ಯೂಟಾ ಸೀಮೆಯ ಕುರಿ ಸಾಕುವವರ ಮನೆಯ ಮಗ, ಮಾರ್ಮನ್ ಪಂಥದ ಕ್ರೈಸ್ತ. ಜೂಜಿರಲಿ, ಕಾಫಿಯನ್ನೂ ಮುಟ್ಟದ ಜನ ಅವರು. ನಿಯಾನ್ ದೀಪದ ಗಾಜಿನ ಕೊಳವೆಯನ್ನು ಬೆಂಕಿಯ ಮೇಲೆ ಮೆದುವಾಗಿಸಿ, ಒಂದು ತುದಿಯಿಂದ ಉಸಿರು ಊದುತ್ತ ಬೇಕಾದ ಹಾಗೆ ಬಗ್ಗಿಸುವ ವಿದ್ಯೆಯನ್ನು ಸೈನ್ಯದಿಂದ ಬಂದ ಮೇಲೆ ಕಲಿತಿದ್ದ. ಚಿತ್ರವೂ ಕೈಗೆ ಹತ್ತಿತ್ತು. ಆ ಊರಿನಲ್ಲಿ ಆ ವಿದ್ಯೆಗೆ ಅನ್ನ ಹಾಕುವವರು ಜೂಜುಕಟ್ಟೆಯವರೇ. ಅವನ ಚರ್ಚಿನ ಅರ್ಧ ಜನರ ಪಾಡೂ ಹಾಗೇ ಇತ್ತು. ಒಬ್ಬ ಮೊಟ್ಟೆ ಸರಬರಾಜು ಮಾಡುತ್ತಿದ್ದ, ಇನ್ನೊಬ್ಬ ಜಮಖಾನ ಹಾಸುತ್ತಿದ್ದ. ಭಾನುವಾರ ಭೇಟಿಯಾದಾಗ "ಮೊಟ್ಟೆ ವ್ಯಾಪಾರ", "ಜಮಖಾನದ ಕೆಲಸ" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದರು. ಫೆರಿನ್ "ದೀಪದ ಕೆಲಸ" ಎನ್ನುತ್ತಿದ್ದ. ಹೆಂಡತಿಗೂ ಬೂಸಾ ಅಂಗಡಿ ಎಂದದ್ದು ಆ ಅಭ್ಯಾಸದ ಮೇಲೇ ಇರಬೇಕು. ಥೋರಾ ಚರ್ಚಿನಲ್ಲಿ ಚಿಕ್ಕ ಮಕ್ಕಳಿಗೆ ಭಾನುವಾರದ ಪಾಠ ಹೇಳಿಕೊಡುತ್ತಿದ್ದಳು. ಕ್ಯಾಸಿನೊ ಎಂದರೆ ಕೂರುವುದಿಲ್ಲ ಎಂದು ಅವನೇ ತೀರ್ಮಾನ ಮಾಡಿಕೊಂಡಿದ್ದ.

ಗಸ್ ಕರಾಸ್ ಚಿತ್ರ ನೋಡಿ ಮೇಜು ಗುದ್ದಿದ. "ಇದು ಕಣಯ್ಯಾ ಹುಡುಗಿ ಅಂದ್ರೆ! ಈ ಬೀದೀಲಿ ಇರೋ ಬೊಂಬೆಗಳೆಲ್ಲ ಹಲ್ಲಿನ ಡಾಕ್ಟ್ರ ಕ್ಯಾಲೆಂಡರ್ ಥರ ನಗ್ತಾವೆ. ಇವಳು ನಿಜವಾಗ್ಲೂ ನಗ್ತಿದಾಳೆ. ಲಂಗ ಮಾತ್ರ ಮೊಣಕಾಲಿಂದ ಮೇಲಕ್ಕೆ ಹೋಗ್ಲಿ."

"ಇಷ್ಟು ಸಾಕಲ್ವಾ ಸಾರ್?"

"ಚರ್ಚಿಗೆ ಹೋಗ್ತಿದಾಳೇನಯ್ಯಾ ಅವಳು? ಮೇಲಕ್ಕೆ ಮಾಡು. ಒಂದು ಕಣ್ಣೂ ಹೊಡೀಲಿ."

ಫೆರಿನ್ ಲಂಗವನ್ನು ಮೇಲಕ್ಕೆ ಮಾಡಿದ. ಕಣ್ಣು ಹೊಡೆಯಲು ಒಂದಾದ ಮೇಲೊಂದು ಹತ್ತಿ ಆರುವ ಎರಡು ಜೊತೆ ಕೊಳವೆ, ಕಾಲು ಝಾಡಿಸಲು ಮೂರು ಜೊತೆ. ಹಲ್ಲಿನ ಸಂದನ್ನು ತೆಗೆಯಬಹುದಾಗಿತ್ತು. ತೆಗೆದು ನೋಡಿದ, ನಗುವೇ ಸತ್ತುಹೋಯಿತು. ಮತ್ತೆ ಬರೆದ.

ಕಾರ್ಖಾನೆಯಲ್ಲಿ ಇಂಥ ಕೆಲಸಕ್ಕೆ ಅಂಗ ಅಂಗವನ್ನೂ ಪೂರ್ತಿ ಅಳತೆಯಲ್ಲಿ ಬೇರೆ ಬೇರೆ ಹಾಳೆಯ ಮೇಲೆ ಬರೆದುಕೊಳ್ಳಬೇಕು. ಯಾವುದು ಯಾವುದರದ್ದೆಂದು ಗುರುತಿಗೆ ಮೂಲೆಯಲ್ಲಿ ಒಂದು ಮಾತು. ಹೇಸರಗತ್ತೆಯ ಹಾಳೆಗಳ ಮೇಲೆ 'ಹೇಸರಗತ್ತೆ, ಕಿವಿ', 'ಹೇಸರಗತ್ತೆ, ಬಾಲ' ಎಂದು ಬರೆದ ಕೈ, ಹುಡುಗಿಯ ಹಾಳೆಗಳ ಮೇಲೆ ತನಗೆ ತಾನೇ 'ಥೋರಾ, ಎಡಗೈ', 'ಥೋರಾ, ಬಲಗಾಲು' ಎಂದು ಬರೆಯಿತು. ಅವನಿಗೆ ಅದು ತಪ್ಪೆಂದು ಹೊಳೆಯಲೂ ಇಲ್ಲ.

ಹಾಳೆಯಿಂದ ಹೆಸರು ಕೆಲಸಗಾರರ ಬಾಯಿಗೆ ಬಂತು. "ಥೋರಾ ಕಾಲು ಆರಿತಾ ನೋಡ್ರೋ." "ಥೋರಾ ಸೊಂಟಕ್ಕೆ ಇನ್ನೆರಡು ಬೋಲ್ಟ್ ಹಾಕು." ಕ್ರೇನ್ ನಡೆಸುವ ಡೆಲ್ಬರ್ಟ್ ಕ್ರೌಸ್ ಬಾಯಿಬಡುಕ. ಹುಡುಗಿಯನ್ನು ಮೇಲೇರಿಸುವ ದಿನ ಬೀದಿಯ ಜನರೆಲ್ಲ ಕತ್ತೆತ್ತಿ ನಿಂತಿದ್ದಾಗ, "ದಾರಿ ಬಿಡ್ರಪ್ಪೋ, ಥೋರಾ ಬರ್ತಿದಾಳೆ!" ಎಂದು ಕೂಗಿದ. ಪತ್ರಿಕೆಯವನೊಬ್ಬ ಅಲ್ಲಿದ್ದ. ಮರುದಿನ ಚಿತ್ರದ ಕೆಳಗೆ 'ಊರಿಗೆ ಬಂದಳು ಥೋರಾ' ಎಂದು ಅಚ್ಚಾಯಿತು.

ಆ ಬೀದಿಯಲ್ಲಿ ಫಲಕಗಳಿಗೆ ಹೆಸರು ಬರುತ್ತಿದ್ದದ್ದು ಹಾಗೆಯೇ. ಮೂಲೆಯ ಹೋಟೆಲಿನ ಮೇಲಿದ್ದ ಗಣಿಗಾರನ ಒಂದು ಕಾಲಿನ ದೀಪ ಸದಾ ಕೆಡುತ್ತಿದ್ದುದರಿಂದ ಟ್ಯಾಕ್ಸಿಯವರು ಅವನನ್ನು 'ಕುಂಟ ಪೀಟ್' ಎಂದರು; ಮಾಲೀಕ ಇಟ್ಟಿದ್ದ ಹೆಸರು ಏನೆಂದು ಮಾಲೀಕನೇ ಮರೆತ. ಒಮ್ಮೆ ಜನ ಕರೆದರೆಂದರೆ ಮುಗಿಯಿತು.

ಥೋರಾ ಪತ್ರಿಕೆಯನ್ನು ಊಟದ ಮೇಜಿನ ಮೇಲೆ ಹರಡಿ, "ನೋಡೋ, ನನ್ನ ಹೆಸರಿನ ಬೊಂಬೆ!" ಎಂದಳು. ಮಸಿ ಹರಡಿದ ಚಿತ್ರದಲ್ಲಿ ಮುಖವೂ ಹೇಸರಗತ್ತೆಯೂ ಕಾಣುತ್ತಿರಲಿಲ್ಲ.

"ಹೌದಾ?" ಎಂದ ಫೆರಿನ್. "ಹೆಸರು ಅಂದ್ಮೇಲೆ ಯಾರಿಗಾದ್ರೂ ಇರತ್ತೆ."

"ನಿಮ್ಮ ಕಾರ್ಖಾನೇದಾ?"

"ಡೆಲ್ಬರ್ಟ್ ಏರಿಸಿದ್ದು."

ಅದು ನಿಜವೇ. ಫೆರಿನ್ ತಟ್ಟೆಯ ಕಡೆ ನೋಡುತ್ತ ಉಂಡ.

ಮುಂದಿನ ವಾರ ಮಗಳಿಗೆ ಬೂಟು ಕೊಡಿಸಲು ಥೋರಾ ಫ್ರೀಮಾಂಟ್ ಬೀದಿಗೆ ಹೋದಳು. ಹೊರಬರುವಾಗ ಸಂಜೆಯಾಗಿತ್ತು, ದೀಪಗಳು ಆಗಷ್ಟೇ ಹತ್ತಿಕೊಳ್ಳುತ್ತಿದ್ದವು. ಮಗಳು ಮೇಲೆ ನೋಡಿ, "ಅಮ್ಮಾ, ನೀನು!" ಎಂದಳು. ಆರು ಆಳೆತ್ತರದ ಹೆಂಗಸು ಹೇಸರಗತ್ತೆಯ ಮೇಲೆ ಕೂತು ಟೋಪಿ ಬೀಸುತ್ತಿದ್ದಳು. ಕೆಂಪು ತುಟಿ, ಬಿಳಿ ಹಲ್ಲು, ಹಲ್ಲಿನ ನಡುವೆ ಒಂದು ಕಪ್ಪು ಸಂದು. ತೊಡೆಯವರೆಗೆ ಬರಿಗಾಲು. ಕೆಳಗೆ ನಿಂತಿದ್ದ ಇಬ್ಬರು ಸಿಪಾಯಿಗಳು ಆ ಕಾಲಿಗೆ ಸಿಳ್ಳೆ ಹಾಕುತ್ತಿದ್ದರು.

ಫೆರಿನ್ ಮನೆಗೆ ಬಂದಾಗ ಅವಳು ಒಲೆಯ ಮುಂದೆ ನಿಂತಿದ್ದಳು. ತಿರುಗದೆ, "ಬೂಸಾ ಅಂಗಡಿಯೋರು ಚೆನ್ನಾಗೇ ಮಾಡ್ಸಿದಾರೆ" ಎಂದಳು.

ಅವನ ಕಿವಿ ಬಿಸಿಯಾಯಿತು. ಬಾಗಿಲಲ್ಲೇ ನಿಂತ. ಬೈಯುತ್ತಾಳೆ, ಅಳುತ್ತಾಳೆ, ಏನಾದರೂ ಎಸೆಯುತ್ತಾಳೆ ಎಂದು ಕಾದ. ಅವಳು ಕೋಸಿನ ಸೂಪು ಬಡಿಸಿ ಮಕ್ಕಳನ್ನು ಕರೆದಳು. ಅಷ್ಟೇ. ಆಗಲೇ ಅವನು ತಪ್ಪಾಯಿತೆಂದು ಹೇಳಬೇಕಿತ್ತು. ಆದರೆ ಅವನಿಗೆ ತೋಚಿದ್ದು ಬೇರೆ. ಹೆಸರೊಂದು ಹೋದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡ.

ಗಸ್ ಕರಾಸ್‌ನ ಬಳಿ ಹೋಗಿ ಟೋಪಿ ಕೈಯಲ್ಲಿ ಹಿಡಿದು ನಿಂತ. "ಸಾರ್, ಆ ಥೋರಾ ಅನ್ನೋದು ಏನು ಹೆಸರು ಸಾರ್, ಹಳ್ಳಿ ಅಜ್ಜಿ ಹೆಸರಿನ ಥರ. ಚಂದದ್ದು ಒಂದು ಇಟ್ರೆ ಆಗಲ್ವಾ? ಗೋಲ್ಡಿ ಅಂತ?"

ಗಸ್ ಚುಟ್ಟದ ಬೂದಿ ಕೊಡವಿದ. ಹೆಸರಿನ ಬಗ್ಗೆ ಅವನಿಗೆ ಆಸೆ ಹುಟ್ಟಲಿಲ್ಲ, ಹೆಸರಿಡುವ ಗದ್ದಲದ ಬಗ್ಗೆ ಹುಟ್ಟಿತು. "ಸ್ಪರ್ಧೆ ಇಡೋಣ ಕಣಯ್ಯಾ! ಊರೋರೇ ಹೆಸರಿಡ್ಲಿ. ಗೆದ್ದೋರಿಗೆ ಇಡೀ ಬೇಸಿಗೆ ಬೆಳಗಿನ ತಿಂಡಿ ಬಿಟ್ಟಿ."

ಕ್ಯಾಸಿನೊ ಬಾಗಿಲಲ್ಲಿ ದೊಡ್ಡ ಗಾಜಿನ ಭರಣಿ ಇಟ್ಟರು. ಫೆರಿನ್ ರಿಪೇರಿಯ ನೆಪ ಮಾಡಿಕೊಂಡು ಹೋದಾಗೆಲ್ಲ ಒಂದು ಹಿಡಿ ಚೀಟಿ ಹಾಕಿ ಬರುತ್ತಿದ್ದ. ಒಂದರಲ್ಲಿ ಅಕ್ಷರ ಓರೆ, ಒಂದರಲ್ಲಿ ನೆಟ್ಟಗೆ, ಒಂದರಲ್ಲಿ ಮಕ್ಕಳು ಬರೆದ ಹಾಗೆ. ಎಲ್ಲದರಲ್ಲೂ ಗೋಲ್ಡಿ. ಮೂವತ್ತು ದಾಟಿದ ಗಂಡಸು, ಚರ್ಚಿನಲ್ಲಿ ಪ್ರಾರ್ಥನೆ ಮುನ್ನಡೆಸುವವನು, ಟ್ರಕ್ಕಿನೊಳಗೆ ಬಗ್ಗಿ ಕೂತು ಕಳ್ಳ ಚೀಟಿ ಬರೆಯುತ್ತಿದ್ದ. ತನ್ನ ಬಗ್ಗೆ ಅವನಿಗೇ ಹೇಸಿಗೆಯಾಗುತ್ತಿತ್ತು. ಬರೆಯುವುದನ್ನು ಮಾತ್ರ ಬಿಡಲಿಲ್ಲ.

ಹೆಸರು ಹೇಳುವ ದಿನ ಬೀದಿ ತುಂಬ ಜನ. ಫೆರಿನ್ ಥೋರಾಳನ್ನೂ ಕರೆದುಕೊಂಡು ಹೋಗಿದ್ದ. ಇಂದು ಅವಳ ಕಣ್ಣೆದುರೇ ಅವಳ ಹೆಸರು ಬಿಡುಗಡೆಯಾಗುತ್ತದೆ, ತಾನು ಬಾಯಿಬಿಟ್ಟು ಹೇಳಲಾಗದ್ದನ್ನು ಅದೇ ಹೇಳುತ್ತದೆ ಎಂದು ಅವನ ಎಣಿಕೆ.

ಗಸ್ ಮೈಕಿನ ಮುಂದೆ ನಿಂತು, "ಥೋರಾ ಅಂತ ಬಂದಿರೋ ಚೀಟಿ ಎತ್ತೋಕೇ ಇಬ್ಬರು ಬೇಕಾದ್ರು!" ಎಂದ. ಜನ ಹೋ ಎಂದರು. "ಗೋಲ್ಡಿಗೂ ಒಂದಷ್ಟು ಬಿದ್ದಿದಾವೆ. ಆದ್ರೆ ನೋಡ್ರಪ್ಪಾ, ಗೋಲ್ಡಿ ಅಂತ ಬರೆದೋರೆಲ್ಲ ಒಂದೇ ನೀಲಿ ಪೆನ್ಸಿಲು ಹಂಚ್ಕೊಂಡು ಬರೆದಿದಾರೆ! ಬೋರ್ಡು ಮಾಡೋರು ಗಾಜಿನ ಮೇಲೆ ಗೆರೆ ಎಳೀತಾರಲ್ಲ, ಆ ಥರದ್ದು. ಯಾರಪ್ಪಾ ಅದು?"

ಫೆರಿನ್‌ನ ಅಂಗಿಯ ಜೇಬಿನಲ್ಲಿ ಆ ಪೆನ್ಸಿಲು ನೆಟ್ಟಗೆ ನಿಂತಿತ್ತು. ತೆಗೆಯಲು ಕೈಯೆತ್ತಿದರೆ ಎಲ್ಲರಿಗೂ ಕಾಣುತ್ತದೆಂದು ಹಾಗೇ ನಿಂತ.

ಹಿಂದಿನಿಂದ ಡೆಲ್ಬರ್ಟ್‌ನ ಗಂಟಲು ಕೇಳಿಸಿತು. "ನಮ್ಮ ಹಾಲ್‌ಸ್ಟ್ರಮ್ಮೇ ಇರಬೇಕು ಬಾಸ್! ಪಾಪ, ಮನೇಲೂ ಒಬ್ಬಳು ಥೋರಾ, ಇಲ್ಲೂ ಒಬ್ಬಳು ಥೋರಾ. ಇಬ್ಬರನ್ನ ಸುಧಾರಿಸೋಕೆ ಆಗ್ತಿಲ್ಲ ಅವನಿಗೆ!"

ಡೆಲ್ಬರ್ಟ್‌ಗೆ ಅದು ತಮಾಷೆ, ಅದರಲ್ಲಿ ವಿಷವಿರಲಿಲ್ಲ. ಆದರೆ ಜನರೆಲ್ಲ ಒಮ್ಮೆಲೇ ತಿರುಗಿದರು. ಮೊದಲು ಫೆರಿನ್‌ನನ್ನು ನೋಡಿದರು, ಆಮೇಲೆ ಅವನ ಪಕ್ಕದಲ್ಲಿದ್ದವಳನ್ನು, ಆಮೇಲೆ ಮೇಲಿದ್ದವಳನ್ನು, ಮತ್ತೆ ಪಕ್ಕದಲ್ಲಿದ್ದವಳನ್ನು. "ಅಯ್ಯೋ, ಅವಳೇ ಕಣ್ರೋ!" ಎಂದು ಯಾರೋ ಅಂದರು. "ನಗಮ್ಮಾ, ಒಂದ್ಸಲ ನಗು, ನೋಡೋಣ!"

ಥೋರಾ ನಗಲಿಲ್ಲ. ತುಟಿ ಬಿಗಿದು, ಚೀಲವನ್ನು ಎದೆಗೊತ್ತಿಕೊಂಡು, ಜನ ಬಿಟ್ಟ ದಾರಿಯಲ್ಲಿ ನಡೆದು ಹೋದಳು. ಫೆರಿನ್ ಹಿಂದೆಯೇ ಹೋಗಲಿಲ್ಲ. ಅವಳ ಜೊತೆ ಆ ಜನರ ನಡುವೆ ನಡೆಯುವ ಧೈರ್ಯ ಅವನಿಗಿರಲಿಲ್ಲ. ಜನ ಚದುರುವವರೆಗೂ ನಿಂತಿದ್ದು, ಬಳಸು ದಾರಿಯಲ್ಲಿ ಮನೆ ಸೇರಿದ. ಮುಂದೆ ಎಷ್ಟೋ ವರ್ಷ ಅವನನ್ನು ಹಿಂಡಿದ್ದು ಚೀಟಿಯಲ್ಲ, ಲಂಗವಲ್ಲ, ಅಂದು ಅವಳನ್ನು ಒಂಟಿಯಾಗಿ ನಡೆಯಲು ಬಿಟ್ಟದ್ದು.

ಆ ಭಾನುವಾರ ಪಾಠದ ಕೋಣೆಯಲ್ಲಿ ಒಬ್ಬ ಪೋರ ಕುರ್ಚಿಯ ಮೇಲೆ ಕಾಲು ಝಾಡಿಸಿ "ಹೋಯ್" ಎಂದ, ಉಳಿದ ಮಕ್ಕಳು ಬಿದ್ದು ಬಿದ್ದು ನಕ್ಕವು. ಹೊರಗೆ ಬಂದರೆ ದೊಡ್ಡವರ ಮುಖದಲ್ಲೂ ಅದೇ ನಗೆ, ತಡೆದುಕೊಂಡದ್ದು. ಮುಂದಿನ ವಾರ ಥೋರಾ ಪಾಠ ಬಿಟ್ಟಳು. ಆ ಚರ್ಚಿನಲ್ಲಿ ಬಿಷಪ್ಪನಿಗೆ ಸಂಬಳವಿಲ್ಲ; ಅವರ ಬಿಷಪ್ ವಾರದ ಉಳಿದ ದಿನ ಕೊಳಾಯಿ ಸಾಮಾನಿನ ಅಂಗಡಿ ನಡೆಸುತ್ತಿದ್ದ ಮೆದು ಮನುಷ್ಯ. ಮನೆಗೇ ಬಂದ.

"ಸಿಸ್ಟರ್ ಹಾಲ್‌ಸ್ಟ್ರಮ್, ನಿಮ್ಮ ಮೇಲೆ ಯಾರೂ ತಪ್ಪು ಹೊರಿಸ್ತಿಲ್ಲ."

"ಗೊತ್ತು ಬಿಷಪ್. ತಪ್ಪು ಹೊರಿಸಿದ್ರೆ ಉತ್ತರ ಕೊಡಬಹುದಿತ್ತು."

ಬಿಷಪ್ ಫೆರಿನ್‌ನ ಕಡೆ ತಿರುಗಿದ. ಫೆರಿನ್ ಕಿಟಕಿಯಾಚೆ ನೋಡುತ್ತಿದ್ದ.

ಮನೆ ನಡೆದುಕೊಂಡು ಹೋಯಿತು. ಊಟ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು, ಅಂಗಿಗಳು ಇಸ್ತ್ರಿಯಾಗುತ್ತಿದ್ದವು, ಮೂರನೆಯ ಮಗುವೂ ಹುಟ್ಟಿತು. ಬದಲಾದದ್ದು ಒಂದೇ. ಥೋರಾಳಿಗೆ ನಗು ಬಂದರೆ ಕೈ ತಾನಾಗಿ ಮೇಲೆದ್ದು ಬಾಯಿ ಮುಚ್ಚುತ್ತಿತ್ತು. ಮಕ್ಕಳು ತಾಯಿ ನಗುವುದೇ ಹಾಗೆ ಎಂದುಕೊಂಡು ಬೆಳೆದರು. ಚಿಕ್ಕ ಮಗಳು ಅದನ್ನೇ ಕಲಿತು, ನೆಟ್ಟಗಿರುವ ಹಲ್ಲಿನ ಮೇಲೂ ಕೈ ಇಟ್ಟು ನಗುತ್ತಿದ್ದಳು. ಅದನ್ನು ಕಂಡಾಗೆಲ್ಲ ಫೆರಿನ್ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದ.

ಫಲಕದ ರಿಪೇರಿ ಅವನ ಪಾಲಿಗೇ ಬಂದಿತ್ತು. ಮರುಭೂಮಿಯ ಗಾಳಿಗೆ ಕೊಳವೆ ಒಡೆಯುತ್ತಿದ್ದವು. ಏಣಿ ಹತ್ತಿ ಹೆಂಡತಿಯ ಮೊಣಕಾಲು, ಹೆಂಡತಿಯ ಗದ್ದ, ಒಂದೊಂದನ್ನೇ ಬಿಚ್ಚಿ ಜೋಡಿಸುತ್ತಿದ್ದ. ಕೆಳಗಿನಿಂದ ಗುರುತಿನವರು "ಏನ್ ಫೆರಿನ್, ಮನೆಯೋಳು ಹೇಗಿದಾಳೆ?" ಎಂದು ಕೂಗುತ್ತಿದ್ದರು. ಒಂದು ವಸಂತದಲ್ಲಿ ಹಲ್ಲಿನ ಕೊಳವೆ ಒಡೆದಾಗ, ಯಾರನ್ನೂ ಕೇಳದೆ, ಸಂದಿಲ್ಲದ ಹಲ್ಲು ಮಾಡಿ ಕೂರಿಸಿದ. ಈಗ ಅವಳು ಯಾವುದೋ ಒಂದು ಬೊಂಬೆ. ಕೆಳಗಿಳಿದು ನೋಡಿದಾಗ, ವರ್ಷಗಳ ಮೇಲೆ ಮೊದಲ ಬಾರಿಗೆ ಭುಜ ಸಡಿಲವಾಯಿತು.

ಒಂದು ವಾರ ಕಳೆಯುವುದರೊಳಗೆ ಪತ್ರಿಕೆಗೆ ಪತ್ರಗಳು ಬಂದವು: 'ನಮ್ಮ ಥೋರಾಳ ಹಲ್ಲು ಕಟ್ಟಿಸಿದವರು ಯಾರು?' ಗಸ್ ಕರೆಸಿ ಕೇಳಿದ. "ಯಾಕಯ್ಯಾ, ನಿನಗೆ ಹಲ್ಲಿನ ಡಾಕ್ಟ್ರು ಆಗೋ ಆಸೆಯಾ? ಮೊದಲಿನ ಹಾಗೇ ಮಾಡು."

ಆ ಹೊತ್ತಿಗೆ ಗಸ್‌ಗೂ ವಿಷಯವೆಲ್ಲ ತಿಳಿದಿತ್ತು. "ಬೇರೆಯೋನಿಗೆ ಹೇಳ್ಲಾ?" ಎಂದು ದನಿ ತಗ್ಗಿಸಿ ಕೇಳಿದ.

ಫೆರಿನ್ ಬೇಡವೆಂದ. ಬೇರೆಯವನೊಬ್ಬ ಆ ಹಲ್ಲನ್ನು ಮುಟ್ಟುವುದನ್ನು ಅವನಿಂದ ಸಹಿಸಲಾಗಲಿಲ್ಲ. ತಾನೇ ಬೆಂಕಿಯ ಮುಂದೆ ಕೂತು, ತಾನೇ ಊದಿ ಬಗ್ಗಿಸಿ, ಸಂದನ್ನು ಮತ್ತೆ ಅದರ ಜಾಗಕ್ಕೆ ತಂದ. ಈ ಸಲ ಮರೆವಿನಿಂದ ಆಯಿತು, ಅಭ್ಯಾಸದಿಂದ ಆಯಿತು ಎನ್ನಲು ದಾರಿಯಿರಲಿಲ್ಲ. ಪತ್ರಗಳನ್ನು ಥೋರಾಳೂ ಓದಿದ್ದಳು.

ಎಂಬತ್ತರ ದಶಕದಲ್ಲಿ 'ಪೇಂಟೆಡ್ ಮ್ಯೂಲ್' ಮುಚ್ಚಿತು. ಗಸ್ ಆಗಲೇ ತೀರಿಕೊಂಡಿದ್ದ. ಕೊಳವೆ ಬಗ್ಗಿಸುವ ಕೆಲಸದ ಜಾಗಕ್ಕೆ ಪ್ಲಾಸ್ಟಿಕ್ ಫಲಕ ಬಂದು, ಫೆರಿನ್ ನಿವೃತ್ತನಾದ. ಫಲಕವನ್ನು ತುಂಡು ಮಾಡಿ, ಊರಿನ ಹಳೆಯ ಫಲಕಗಳನ್ನೆಲ್ಲ ಎಸೆಯುವ ಬಯಲಿಗೆ ಹಾಕಿದರೆಂದು ಕೇಳಿದ. ನೋಡಲು ಹೋಗಲಿಲ್ಲ.

ಆಮೇಲೆ ಊರಿಗೆ ತನ್ನ ಹಳೆಯ ದೀಪಗಳ ಮೇಲೆ ಪ್ರೀತಿ ಹುಟ್ಟಿತು. ಅವನ್ನು ಕೂಡಿಟ್ಟು ಜನರಿಗೆ ತೋರಿಸುವ ಕೂಟವೊಂದು ಹುಟ್ಟಿಕೊಂಡಿತು. ಅದರ ಕಡೆಯಿಂದ ಮಾರ್ಗಿಟ್ ಸೋಸಾ ಎಂಬ ಮಧ್ಯವಯಸ್ಸಿನ ಹೆಂಗಸು ಒಂದು ಬೆಳಿಗ್ಗೆ ಮನೆಗೆ ಬಂದಳು. ಫೆರಿನ್‌ಗೆ ಎಪ್ಪತ್ತು ದಾಟಿತ್ತು.

"ಮಿಸ್ಟರ್ ಹಾಲ್‌ಸ್ಟ್ರಮ್, ಬಯಲಿಂದ ಥೋರಾ ಬೋರ್ಡನ್ನ ತಂದು ಮತ್ತೆ ಜೋಡಿಸಿದೀವಿ. ಅದನ್ನ ಮಾಡಿದೋರು ನೀವೇ ಅಂತ ಗೊತ್ತಾಯ್ತು. ಪಕ್ಕದಲ್ಲಿ ಅದರ ಕಥೆ ಬರೆದು ಹಾಕ್ತೀವಿ. ಥೋರಾ ಅನ್ನೋ ಹೆಸರು ಹೇಗೆ ಬಂತು? ಗ್ರೀಕ್ ದೇವತೆ ಹೆಸರು ಅಂತಾರೆ ಕೆಲವರು, ಯಾರೋ ಕುಣಿಯೋಳ ಹೆಸರು ಅಂತಾರೆ ಕೆಲವರು."

"ನಂಗೆ ನೆನಪಿಲ್ಲ" ಎಂದ ಫೆರಿನ್. "ಕೆಲಸದೋರು ಏನೋ ಕರೀತಿದ್ರು."

ಅಡುಗೆಮನೆಯಿಂದ ಥೋರಾ ಕೈ ಒರೆಸಿಕೊಳ್ಳುತ್ತ ಬಂದಳು. ಕೂದಲೆಲ್ಲ ಬೆಳ್ಳಗಾಗಿತ್ತು. ಕುರ್ಚಿ ಎಳೆದು ಆ ಹೆಂಗಸಿನ ಎದುರು ಕೂತಳು.

"ಅದು ನನ್ನ ಹೆಸರಮ್ಮ. ಮುಖಾನೂ ನಂದೇ. ಬೂಸಾ ಅಂಗಡಿಗೆ ಅಂತ ಹೇಳಿ ನನ್ನ ಕೂರಿಸಿದ. ನನ್ನ ಕೇಳದೆ ಹಾಕಿದ. ಕಾಲು ಮಾತ್ರ ನಂದಲ್ಲ, ಅಷ್ಟು ಉದ್ದ ನಂಗಿಲ್ಲ."

ಮಾರ್ಗಿಟ್ ಇಬ್ಬರ ಮುಖವನ್ನೂ ನೋಡಿದಳು.

"ನಿಮಗೆ ಬೇಡ ಅಂದ್ರೆ ಹೆಸರು ಹಾಕಲ್ಲ" ಎಂದಳು ಮಾರ್ಗಿಟ್.

"ಹಾಕಿ. ಊರೆಲ್ಲ ಕರೆದಾಗಿದೆ. ಆದ್ರೆ 'ಅವಳನ್ನು ಕೇಳಿರಲಿಲ್ಲ' ಅನ್ನೋದೂ ಹಾಕಿ."

ಬಂದವಳು ಹೋದ ಮೇಲೆ ಇಬ್ಬರೂ ಅಲ್ಲೇ ಕೂತಿದ್ದರು.

"ಯಾಕೆ ಬೂಸಾ ಅಂಗಡಿ ಅಂದೆ?" ಎಂದಳು ಥೋರಾ. ಇಷ್ಟು ವರ್ಷದಲ್ಲಿ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು.

"ಕ್ಯಾಸಿನೊ ಅಂದಿದ್ರೆ ನೀನು ಕೂರ್ತಿರಲಿಲ್ಲ."

"ಕೂರ್ತಿದ್ದೆ."

ಅವನು ತಲೆಯೆತ್ತಿದ.

"ಆ ಶನಿವಾರ ನೀನು ಏನು ಕೇಳಿದ್ರೂ ಮಾಡ್ತಿದ್ದೆ ಫೆರಿನ್. ನಮಗೆ ಅನ್ನ ಹಾಕ್ತಿದ್ದದ್ದು ಯಾರು ಅಂತ ನಂಗೆ ಗೊತ್ತಿರಲಿಲ್ವಾ? ಲಂಗದ ವಿಷಯಕ್ಕೆ ಜಗಳ ಆಡ್ತಿದ್ದೆ, ಅಷ್ಟೇ. ಬೀದೀಲಿ ಜನ ನಕ್ಕಾಗ ನಿನ್ನ ಪಕ್ಕದಲ್ಲಿ ನಿಂತು ನಾನೂ ನಗ್ತಿದ್ದೆ. ನಂಗೆ ನಾಚಿಕೆ ಆಗಿದ್ದು ಬೋರ್ಡಿಗಲ್ಲ. ನಿಮ್ಮ ಕೆಲಸದೋರಿಗೆಲ್ಲ ಗೊತ್ತಿದ್ದದ್ದು ನನ್ನೊಬ್ಬಳಿಗೆ ನೀನು ಹೇಳಿರಲಿಲ್ಲವಲ್ಲ, ಅದಕ್ಕೆ."

ಫೆರಿನ್ "ತಪ್ಪಾಯ್ತು" ಎಂದ. ಅಷ್ಟು ವರ್ಷ ಇಟ್ಟುಕೊಂಡ ಮಾತು, ಬಾಯಿಂದ ಬಿದ್ದಾಗ ತೀರ ಚಿಕ್ಕದಾಗಿತ್ತು. ಥೋರಾ ತಲೆಯಾಡಿಸಿದಳು. ಕ್ಷಮಿಸಿದೆ ಎಂದೋ, ಕೇಳಿಸಿತು ಎಂದೋ ಅವನಿಗೆ ಗೊತ್ತಾಗಲಿಲ್ಲ.

ಆ ಶರತ್ಕಾಲದಲ್ಲಿ ಫಲಕದ ಪಕ್ಕ ಬರಹ ನಿಂತಿತು, ಥೋರಾ ಹೇಳಿದ ಮಾತೂ ಅದರಲ್ಲಿತ್ತು. ಚರ್ಚಿನ ಸುಗ್ಗಿಯೂಟದಲ್ಲಿ ಉದ್ದ ಮೇಜಿನ ಸುತ್ತ ಕೂತಿದ್ದಾಗ, ಊರಿಗೆ ಹೊಸಬನಾದ ಒಬ್ಬ ಅದನ್ನು ಓದಿ ಬಂದವನು, "ಬ್ರದರ್ ಹಾಲ್‌ಸ್ಟ್ರಮ್, ಆ ಬೋರ್ಡು ಮಾಡಿದ್ದು ನೀವೇ ಅಂತೆ! ಒಳ್ಳೇ ತಮಾಷೆ ಕಥೆ ಇರಬೇಕು, ಹೇಳಿ" ಎಂದ.

ಫೆರಿನ್ ಚಮಚ ಕೆಳಗಿಟ್ಟ. "ತಮಾಷೆ ಏನಿಲ್ಲ. ನಾನು ನನ್ನ ಹೆಂಡತಿಗೆ ಸುಳ್ಳು ಹೇಳ್ದೆ. ಆಮೇಲೆ ಊರೆಲ್ಲ ಅವಳನ್ನ ನೋಡಿ ನಗೋವಾಗ ಅವಳ ಜೊತೆ ನಡೀಲಿಲ್ಲ."

ಹೊಸಬ ತನ್ನ ತಟ್ಟೆಯ ಕಡೆ ನೋಡಿದ. ಹೇಳಿಬಿಟ್ಟರೆ ಹಗುರವಾಗುತ್ತದೆಂದು ಫೆರಿನ್ ಅಂದುಕೊಂಡಿದ್ದ. ಆಗಲಿಲ್ಲ, ಮುಖಕ್ಕೆ ಬಿಸಿಯೇರಿತು, ಹಿಂದಿನಂತೆಯೇ. ಆದರೂ ಈ ಸಲ ಅವನು ಎದ್ದು ಹೋಗದೆ ಅಲ್ಲೇ ಕೂತಿದ್ದ.

"ಆ ಆಲೂಗಡ್ಡೆ ಈ ಕಡೆ ಕೊಡಿ" ಎಂದಳು ಥೋರಾ. ತಾನು ಬಡಿಸಿಕೊಂಡು, ಅವನನ್ನು ಕೇಳದೆ ಅವನ ತಟ್ಟೆಗೂ ಒಂದು ಸೌಟು ಹಾಕಿದಳು.